ಪೋರ್ಟಿಕೊ ಜಾಗದಲ್ಲಿ ಮಲ್ಲಿಗೆ

ಉಡುಪಿ ಹತ್ತಿರದ ನಮ್ಮ ಶಂಕರಪುರದಲ್ಲಿ ಯಾರ ಮನೆಗೆ ಹೋದರೂ ಒಂದು ಮಾತು ಕೇಳಿಸುತ್ತದೆ. “ಮಗ ಗಲ್ಫಿನಲ್ಲಿ ಇದ್ದಾನೆ, ಅವನು ನೋಡಿಕೊಳ್ಳುತ್ತಾನೆ.” ಬಾವಿಗೆ ಪಂಪು ಹಾಕಬೇಕೇ? ಮಗ ನೋಡಿಕೊಳ್ಳುತ್ತಾನೆ. ಮನೆಯ ಮಾಡು ಸೋರುತ್ತಿದೆಯೇ? ಮಗ ನೋಡಿಕೊಳ್ಳುತ್ತಾನೆ. ತಂಗಿಯ ಮದುವೆಯೇ, ತಮ್ಮನ ಓದೇ? ಅದನ್ನೂ ಅವನೇ ನೋಡಿಕೊಳ್ಳಬೇಕು. ಈ ಮಗನನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ನಾನು ಗ್ಲ್ಯಾಡಿಸ್. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಈಗ ಇಲ್ಲಿಯ ಮಹಿಳಾ ಮಂಡಳದ ಕಾರ್ಯದರ್ಶಿ. ಟೀಚರಿಗೆ ನಿವೃತ್ತಿ ಆದರೂ ಅವರ ಬಾಯಿಗೆ ಆಗಲಿಲ್ಲ ಎಂದು ಊರಿನವರು ನಗುತ್ತಾರೆ. ನಗಲಿ. ಇದು ನನ್ನ ನೆರೆಮನೆಯ ಕಥೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಅವರು ಮನೆಯಲ್ಲಿ ಮಾತನಾಡುವುದು ಕೊಂಕಣಿ. ನಿಮಗಾಗಿ ಕನ್ನಡದಲ್ಲಿ ಹೇಳುತ್ತೇನೆ.

ನೆರೆಮನೆಯ ರೊಸಾರಿಯೊ ಮತ್ತು ಬರ್ತಾ ದಂಪತಿಗೆ ಇಬ್ಬರು ಮಕ್ಕಳು. ದೊಡ್ಡವನು ಇಮ್ಯಾನುಯೆಲ್, ಏಳು ವರ್ಷಗಳಿಂದ ಬಹ್ರೈನಿನಲ್ಲಿ ದುಡಿಯುತ್ತಿದ್ದಾನೆ. ಸಣ್ಣವಳು ಬೆನೆಡಿಕ್ಟಾ. ಸ್ವಲ್ಪ ಗದ್ದೆ, ಮನೆಯ ಬದಿಯಲ್ಲಿ ಐವತ್ತು ಮಲ್ಲಿಗೆ ಗಿಡ. ಮಲ್ಲಿಗೆ ಸಾಕುವುದೆಂದರೆ ಮಗುವನ್ನು ಸಾಕಿದ ಹಾಗೆ. ಬೆಳಗಾಗುವ ಮೊದಲೇ ಮೊಗ್ಗು ಕೊಯ್ಯಬೇಕು, ಬಾಳೆನಾರಿನಲ್ಲಿ ಕಟ್ಟಿ ಚೆಂಡು ಮಾಡಬೇಕು. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಅದು ಹೊತ್ತು ಮೀರುವ ಮೊದಲು ಪೇಟೆಯ ಹೂವಿನ ಕಟ್ಟೆಗೆ ಮುಟ್ಟಬೇಕು. ನಮ್ಮಲ್ಲಿ ಗಿಡಕ್ಕೆ ನೀರು ಹಾಕುವುದು, ಗೆಲ್ಲು ಸವರುವುದು ಗಂಡಸರ ಕೆಲಸ. ಹೂವು ಕಟ್ಟುವುದು ಹೆಂಗಸರ ಕೆಲಸ. ಗಂಡಸು ಬಾಳೆನಾರು ಹಿಡಿದು ಕೂತರೆ ಊರೇ ನಗುತ್ತದೆ.

ಬೆನೆಡಿಕ್ಟಾಳ ಬೆರಳು ಊರಿಗೇ ಹೆಸರುವಾಸಿ. ಎದುರಿಗೆ ಪುಸ್ತಕ ತೆರೆದಿಟ್ಟುಕೊಂಡು, ಹೂವಿನ ಕಡೆ ನೋಡದೆಯೇ ಚೆಂಡು ಮುಗಿಸುತ್ತಿದ್ದಳು. ಹಾಗೆ ಓದಿಯೇ ೧೯೮೪ರಲ್ಲಿ ಪಿಯುಸಿಯಲ್ಲಿ ಫಸ್ಟ್ ಕ್ಲಾಸ್ ಬಂದಳು. ಮಣಿಪಾಲದಲ್ಲಿ ಫಾರ್ಮಸಿ ಓದಲು ಸೀಟೂ ಸಿಕ್ಕಿತು. ನಾಲ್ಕು ವರ್ಷದ ಓದು. ಆಗಸ್ಟ್ ಹತ್ತರೊಳಗೆ ಫೀಸು ಕಟ್ಟಬೇಕು, ಇಲ್ಲದಿದ್ದರೆ ಸೀಟು ಬೇರೆಯವರಿಗೆ.

ಕಾಗದ ಹಿಡಿದುಕೊಂಡು ಅವಳು ಓಡಿ ಬಂದದ್ದು ನನ್ನ ಮನೆಗೆ.

“ಟೀಚರ್, ಪಪ್ಪನಿಗೆ ನೀವೇ ಹೇಳಬೇಕು.”

ನಾನು ಹೋದೆ. ರೊಸಾರಿಯೊ ಅಂಗಳದಲ್ಲಿ ನಿಂತು ಕೆಂಪುಕಲ್ಲಿನ ರಾಶಿಯನ್ನು ನೋಡುತ್ತಿದ್ದರು. ಎದುರು ಮನೆಯವರು ಆ ವರ್ಷ ಮನೆಯ ಮುಂದೆ ಪೋರ್ಟಿಕೊ ಕಟ್ಟಿಸಿದ್ದರು. ಕಾರು ಬಂದು ನಿಲ್ಲುವಂಥ ಪೋರ್ಟಿಕೊ. ಅಂದಿನಿಂದ ರೊಸಾರಿಯೊಗೆ ಅದರದ್ದೇ ಧ್ಯಾನ. ಇವರ ಮನೆಯಲ್ಲಿ ಕಾರು ಬಿಡಿ, ಸೈಕಲ್ಲಿನ ಹಿಂದಿನ ಚಕ್ರಕ್ಕೂ ಗಾಳಿ ಇರಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ದೊಡ್ಡವರು ಸುಮ್ಮನೆ ಹೇಳಿದ್ದಲ್ಲ.

“ರೊಸಾರಿಯೊ, ಮಗಳಿಗೆ ಸೀಟು ಸಿಕ್ಕಿದೆಯಂತೆ, ಸಂತೋಷ” ಎಂದೆ.

“ಸಂತೋಷವೇ ಟೀಚರ್. ಆದರೆ ಹುಡುಗಿಗೆ ಅಷ್ಟು ದುಡ್ಡು ಹಾಕಿ ಎಂತ ಪ್ರಯೋಜನ? ಓದಿಸುವುದು ನಾವು, ಸಂಬಳ ಗಂಡನ ಮನೆಗೆ.”

“ಬಂಗಾರ ಹಾಕಿ ಕಳುಹಿಸಿದರೂ ಅದು ಗಂಡನ ಮನೆಗೇ ಹೋಗುವುದಲ್ವಾ? ಬಂಗಾರ ಅಡವಿಟ್ಟರೆ ಹೋಯಿತು. ಓದನ್ನು ಯಾರೂ ಅಡವಿಡಲಿಕ್ಕೆ ಆಗುವುದಿಲ್ಲ.”

“ಅವಳು ಹೋದರೆ ಹೂವು ಕಟ್ಟುವುದು ಯಾರು?”

“ಹಾಗಾದರೆ ಅವಳ ಬೆರಳಿಗಾಗಿ ಅವಳ ತಲೆಯನ್ನು ಮನೆಯಲ್ಲಿ ಇಟ್ಟುಕೊಳ್ಳುತ್ತೀರಾ?”

ಒಳಗಿನಿಂದ ಬರ್ತಾ ನಕ್ಕದ್ದು ಕೇಳಿಸಿತು. ರೊಸಾರಿಯೊಗೆ ನಗು ಬರಲಿಲ್ಲ. ನಾನು ಬಿಡಲಿಲ್ಲ. ಹಾಸ್ಟೆಲ್ ಬೇಡ, ಬೆಳಗಿನ ಬಸ್ಸು ಹಿಡಿದರೆ ಉಡುಪಿಗೆ ಹೋಗಿ ಮಣಿಪಾಲಕ್ಕೆ ಮುಟ್ಟಬಹುದು ಎಂದೆ. ಫೀಸು, ಪುಸ್ತಕ, ಬಸ್ಸು ಎಲ್ಲ ಸೇರಿ ಮೊದಲ ವರ್ಷಕ್ಕೆ ನಾಲ್ಕು ಸಾವಿರ ಎಂದು ವಿಚಾರಿಸಿ ಬಂದಿದ್ದೆ. ಬರ್ತಾ ಹೂವಿನ ದುಡ್ಡಿನಲ್ಲಿ ದಿನಕ್ಕೆ ಎರಡು ರೂಪಾಯಿಯಂತೆ ಐದು ವರ್ಷ ಪಿಗ್ಮಿ ಕಟ್ಟಿದ್ದಳು. ಬ್ಯಾಂಕಿನ ಏಜೆಂಟರು ದಿನಾ ಮನೆ ಬಾಗಿಲಿಗೆ ಬಂದು ಒಯ್ಯುತ್ತಿದ್ದ ಆ ದುಡ್ಡು ಹೆಚ್ಚು ಕಡಿಮೆ ಅಷ್ಟೇ ಆಗಿತ್ತು.

“ಅದು ಪೋರ್ಟಿಕೊದ ದುಡ್ಡು” ಎಂದರು ರೊಸಾರಿಯೊ. “ಅದನ್ನು ಮುಟ್ಟುವ ಮಾತೇ ಇಲ್ಲ. ಓದಬೇಕಾದರೆ ಓದಲಿ, ನಾನು ಬೇಡ ಹೇಳುವುದಿಲ್ಲ. ಇಮ್ಯಾನುಯೆಲ್ ಕಳುಹಿಸಲಿ. ಅವನು ಕಳುಹಿಸಿದರೆ ಕಾಲೇಜು, ಇಲ್ಲದಿದ್ದರೆ ಇಲ್ಲ.”

ನಾನು ಗೆದ್ದೆ ಎಂದುಕೊಂಡೆ. ಬುದ್ಧಿವಂತೆ ಎಂದು ಬೀಗಿದೆ ಕೂಡ. ಒಬ್ಬಳ ಓದಿನ ಭಾರವನ್ನು ಎತ್ತಿ ಇನ್ನೊಬ್ಬನ ತಲೆಗೆ ಇಟ್ಟದ್ದು ಅಷ್ಟೇ ಎಂಬುದು ಆಗ ಹೊಳೆಯಲಿಲ್ಲ.

ಭಾನುವಾರ ಇಗರ್ಜಿಯಿಂದ ಬಂದ ಮೇಲೆ ಟೇಪ್ ತುಂಬಿಸಲು ಕೂತೆವು. ಗಲ್ಫಿನವರ ಮನೆಗಳಲ್ಲಿ ಈಗ ಕಾಗದ ಬರೆಯುವವರು ಕಡಿಮೆ. ಟೇಪ್ ರೆಕಾರ್ಡರಿನ ಮುಂದೆ ಕೂತು ಮಾತನಾಡಿ ಕ್ಯಾಸೆಟ್ ಕಳುಹಿಸುತ್ತಾರೆ. ರೊಸಾರಿಯೊ ಬಹ್ರೈನಿಗೆ ಇಲ್ಲಿಂದಲೇ ಕೇಳಿಸಬೇಕು ಎಂಬಂತೆ ಕೂಗಿದರು.

“ಇಮ್ಯಾನುಯೆಲ್! ನಾವೆಲ್ಲ ಸೌಖ್ಯ! ನಿನ್ನ ತಂಗಿಗೆ ಮಣಿಪಾಲದಲ್ಲಿ ಸೀಟು ಸಿಕ್ಕಿದೆ! ನಾಲ್ಕು ಸಾವಿರ ಬೇಗ ಕಳುಹಿಸು! ಪೋರ್ಟಿಕೊ ಸ್ಲ್ಯಾಬಿಗೆ ಬೇರೆ ಬೇಕು, ಅದು ಬೇರೆ ಲೆಕ್ಕ!”

ಮಾತು ಮುಗಿಸಿ ರೊಸಾರಿಯೊ ಒಂದು ಗುಂಡಿ ತಿರುಗಿಸಿದರು. “ಬಂದ್ ಆಯಿತು” ಎಂದರು. ಅದು ಸದ್ದು ಕಡಿಮೆ ಮಾಡುವ ಗುಂಡಿ. ರೇಡಿಯೊದಲ್ಲಿ ಅದನ್ನೇ ತಿರುಗಿಸಿ ಬಂದ್ ಮಾಡಿ ಅಭ್ಯಾಸ. ಟೇಪು ತನ್ನಷ್ಟಕ್ಕೆ ಓಡುತ್ತಲೇ ಇತ್ತು. ಬಿ.ಎ., ಬಿ.ಎಡ್. ಮಾಡಿದ ನಾನೂ ಅಲ್ಲೇ ಕೂತಿದ್ದೆ, ನನಗೂ ಕಾಣಲಿಲ್ಲ.

ಬೆನೆಡಿಕ್ಟಾ ಮೆಲ್ಲಗೆ ಹೇಳಿದಳು, “ಪಪ್ಪಾ, ಅಣ್ಣನ ಹತ್ತಿರ ಕೇಳಬಾರದಿತ್ತು. ಮೂರು ವರ್ಷದಿಂದ ಅವನು ಊರಿಗೆ ಬರಲಿಲ್ಲ. ಟಿಕೆಟಿಗೆ ಇಟ್ಟ ದುಡ್ಡನ್ನು ಪ್ರತಿ ಸಲ ನಾವೇ ತರಿಸಿಕೊಳ್ಳುತ್ತೇವೆ.”

“ಅವನಿಗೆ ಅಲ್ಲಿ ಎಂತ ಖರ್ಚು ಉಂಟು? ರೂಮು ಕಂಪೆನಿಯದ್ದು, ಊಟ ಕಂಪೆನಿಯದ್ದು. ಒಂಬತ್ತನೇ ಕ್ಲಾಸಿನವನಿಗೆ ಅಷ್ಟು ಸಂಬಳ ಸಿಕ್ಕಿದ್ದೇ ಹೆಚ್ಚು.”

“ಒಂಬತ್ತಕ್ಕೆ ಬಿಡಿಸಿದ್ದು ಯಾರು?” ಎಂದಳು ಬರ್ತಾ.

“ಆಗ ಮನೆಯಲ್ಲಿ ಕಷ್ಟ ಇತ್ತು, ಮಾರಾಯ್ತಿ.”

“ಇತ್ತು. ಈಗ ಎಂತ ಕಷ್ಟ ಉಂಟು ಹೇಳಿ. ಕಾರು ನಿಲ್ಲಿಸಲಿಕ್ಕೆ ಜಾಗ ಇಲ್ಲ ಅಂತ ಕಷ್ಟವಾ?”

ರೊಸಾರಿಯೊ ಎದ್ದು ಹೊರಗೆ ಹೋದರು. ಮರುದಿನ ಕ್ಯಾಸೆಟ್ ಅಂಚೆಗೆ ಹೋಯಿತು.

ಅದಾಗಿ ದಿನಗಳು ಉರುಳಿದವು. ಜುಲೈ ಮುಗಿಯುತ್ತ ಬಂತು. ಪೋಸ್ಟ್‌ಮ್ಯಾನ್ ಬರುವ ಹೊತ್ತಿಗೆ ಬೆನೆಡಿಕ್ಟಾ ಗೇಟಿನ ಹತ್ತಿರ ಏನಾದರೂ ಕೆಲಸ ಹುಡುಕಿಕೊಳ್ಳುತ್ತಿದ್ದಳು. ಅಣ್ಣನ ಬ್ಯಾಂಕ್ ಡ್ರಾಫ್ಟ್ ಬರಲಿಲ್ಲ.

ಆಗಸ್ಟ್ ನಾಲ್ಕರ ಬೆಳಿಗ್ಗೆ ನಾವು ಜಗಲಿಯಲ್ಲಿ ಹೂವು ಕಟ್ಟುತ್ತಿದ್ದಾಗ ಹಾಜಬ್ಬ ಬಂದರು. ಅವರು ಉದ್ಯಾವರದವರು, ಬ್ಯಾರಿ ಮುಸ್ಲಿಮರು. ಕಟ್ಟೆಯಿಂದ ಹೂವು ಕೊಂಡು ಉಡುಪಿಗೂ ಕಾರ್ಕಳಕ್ಕೂ ಬಸ್ಸಿನಲ್ಲಿ ಒಯ್ಯುವ ವ್ಯಾಪಾರಿ. ಅವರ ಮಗ ಬೀರಾನ್ ಬಹ್ರೈನಿನಲ್ಲಿ ಇಮ್ಯಾನುಯೆಲ್‌ನ ಪಕ್ಕದ ರೂಮಿನವನು. ಹಿಂದಿನ ದಿನವಷ್ಟೇ ರಜೆಯಲ್ಲಿ ಬಂದಿದ್ದ.

“ಪೊರ್ಬುಗಳೇ,” ಎಂದರು ಹಾಜಬ್ಬ. ನಮ್ಮ ಕಡೆ ಕ್ರೈಸ್ತರನ್ನು ಗೌರವದಿಂದ ಕರೆಯುವುದು ಹೀಗೆ. “ನಿಮ್ಮ ಮಗ ಕ್ಯಾಸೆಟ್ ಕೊಟ್ಟಿದ್ದಾನೆ. ಗ್ಲ್ಯಾಡಿಸ್ ಟೀಚರ್ ಇರುವಾಗಲೇ ಹಾಕಬೇಕಂತೆ. ಬೀರಾನ್ ಮೂರು ಸಲ ಹೇಳಿದ.”

ರೊಸಾರಿಯೊ ಖುಷಿಯಿಂದ ಯಂತ್ರ ತಂದು ಜಗಲಿಯಲ್ಲಿ ಇಟ್ಟರು. ಇಮ್ಯಾನುಯೆಲ್‌ನ ದನಿ ಬಂತು. ಅಪ್ಪನ ಹಾಗೆ ಕೂಗುವವನಲ್ಲ ಅವನು.

“ಪಪ್ಪಾ, ನಿಮ್ಮ ಟೇಪು ಕೊನೆಯವರೆಗೆ ಕೇಳಿದೆ. ನೀವು ಮಿಷನ್ ಬಂದ್ ಮಾಡಿರಲಿಲ್ಲ.”

ಬರ್ತಾಳ ಕೈಯಲ್ಲಿದ್ದ ಹೂವು ಜಾರಿತು. ರೊಸಾರಿಯೊ ನನ್ನ ಮುಖ ನೋಡಿದರು. ನಾನು ಎಲ್ಲಿ ನೋಡಲಿ?

“ಎರಡು ದಿನ ಸಿಟ್ಟಿತ್ತು. ಈಗ ಇಲ್ಲ. ನೀವು ಹೇಳಿದ್ದು ಸುಳ್ಳಲ್ಲ, ನಾನು ಒಂಬತ್ತನೇ ಕ್ಲಾಸಿನವನೇ. ಇಲ್ಲಿ ಎ.ಸಿ. ಫಿಟ್ಟಿಂಗಿನ ಕೆಲಸ ನನಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತುಂಟು. ಆದರೆ ನನಗಿಂತ ಸಣ್ಣ ಹುಡುಗ, ಡಿಪ್ಲೊಮಾ ಮಾಡಿದವನು ಬಂದು ನನಗೆ ಕೆಲಸ ಹೇಳುತ್ತಾನೆ. ಅವನಿಗೆ ಕೆಲಸ ಕಲಿಸಿದ್ದು ನಾನೇ. ಅವನ ಸಂಬಳ ನನ್ನದಕ್ಕಿಂತ ಎರಡು ಪಾಲು. ಗಣಿತದಲ್ಲಿ ನಾನು ಕ್ಲಾಸಿಗೆ ಫಸ್ಟ್ ಇದ್ದೆ, ಟೀಚರಿಗೆ ಗೊತ್ತುಂಟು. ಟಿ.ಸಿ. ಕೊಡುವ ದಿನ ಟೀಚರ್ ತಲೆ ಎತ್ತಿ ನನ್ನನ್ನು ನೋಡಲಿಲ್ಲ. ಪಪ್ಪನಿಗೆ ಒಂದು ಮಾತು ಹೇಳುತ್ತಾರೋ ಅಂತ ನಾನು ಬಾಗಿಲಿನಲ್ಲಿ ಸ್ವಲ್ಪ ಹೊತ್ತು ನಿಂತಿದ್ದೆ.”

ಇದನ್ನು ಬರೆಯಬಾರದು ಎಂದು ನನಗೆ ಅನಿಸಿತ್ತು. ಆದರೆ ಬರೆಯದಿದ್ದರೆ ಈ ಕಥೆಯನ್ನು ನಿಮಗೆ ಹೇಳುವ ಯೋಗ್ಯತೆ ನನಗಿಲ್ಲ. ೧೯೭೪ರಲ್ಲಿ ಆ ಹುಡುಗ ಬಾಗಿಲಿನಲ್ಲಿ ನಿಂತಿದ್ದು ನಿಜ. ‘ಅವರ ಮನೆಯ ವಿಷಯ, ನಮಗೇಕೆ’ ಎಂದು ನಾನು ಸುಮ್ಮನಿದ್ದದ್ದೂ ನಿಜ. ಹತ್ತು ವರ್ಷ ತಡವಾಗಿ ನನಗೆ ನಾಚಿಕೆಯಾಯಿತು. ಈಗಲೂ ಆಗುತ್ತದೆ.

ಟೇಪು ಇನ್ನೂ ಓಡುತ್ತಿತ್ತು.

“ಪಪ್ಪಾ, ಮನೆಯ ಖರ್ಚಿಗೆ ತಿಂಗಳು ತಿಂಗಳು ಕಳುಹಿಸುತ್ತೇನೆ. ಅದು ತಪ್ಪುವುದಿಲ್ಲ. ಆದರೆ ಬೆನೆಡಿಕ್ಟಾಳ ಫೀಸು ನಾನು ಕಳುಹಿಸುವುದಿಲ್ಲ. ನನ್ನ ಹತ್ತಿರ ಇಲ್ಲ ಅಂತ ಅಲ್ಲ, ಉಂಟು. ನಾನು ಕೊಟ್ಟರೆ ನೀವು ಪೋರ್ಟಿಕೊ ಕಟ್ಟುತ್ತೀರಿ, ಅಷ್ಟೇ. ಮಕ್ಕಳನ್ನು ಓದಿಸುವುದು ಅಪ್ಪ ಅಮ್ಮನ ಕೆಲಸ. ನಾನು ಅವಳ ಅಣ್ಣ, ಅಪ್ಪ ಅಲ್ಲ. ನನಗೆ ಕೊಡಬೇಕಾದದ್ದನ್ನು ನೀವು ಕೊಡಲಿಲ್ಲ. ಅದನ್ನು ಅವಳಿಗೆ ಕೊಡಿ. ಆಗ ನಿಮ್ಮ ನನ್ನ ಲೆಕ್ಕ ಸರಿಯಾಗುತ್ತದೆ.”

ಅಲ್ಲಿಗೆ ಮುಗಿಯಿತು. ಯಂತ್ರವನ್ನು ಬಂದ್ ಮಾಡಿದ್ದು ಹಾಜಬ್ಬ. ಅವರು ಚಾ ಕುಡಿಯದೆ ಎದ್ದರು, ಅದು ಅವರ ಜಾಯಮಾನದಲ್ಲೇ ಇಲ್ಲದ ಕೆಲಸ. ಮೆಟ್ಟಿಲಿನಲ್ಲಿ ನಿಂತು ಒಂದೇ ಮಾತು ಹೇಳಿದರು. “ಪೊರ್ಬುಗಳೇ, ನನಗೂ ಮಗ ಇದ್ದಾನೆ. ನಾನೂ ಅವನ ಹತ್ತಿರ ದುಡ್ಡು ಕೇಳುವುದೇ ಹೊರತು, ಅವನಿಗೆ ಎಂತ ಬೇಕು ಅಂತ ಕೇಳಿದ್ದಿಲ್ಲ.”

ಬೆನೆಡಿಕ್ಟಾ ಕಣ್ಣು ಒರೆಸಿಕೊಂಡು ಅರ್ಧಕ್ಕೆ ನಿಂತ ಚೆಂಡನ್ನು ಮತ್ತೆ ಹಿಡಿದಳು. ಹೂವಿಗೆ ಯಾರ ಅಳುವೂ ಗೊತ್ತಿಲ್ಲ, ಬಿಟ್ಟರೆ ಅರಳಿಬಿಡುತ್ತದೆ. ಅವಳು ಹೇಳಿದಳು, “ಪಪ್ಪಾ, ನನಗೆ ಕಾಲೇಜು ಬೇಡ. ಅಣ್ಣ ಬೇಜಾರು ಮಾಡಿಕೊಳ್ಳುವುದು ಬೇಡ, ನೀವೂ ಮಾಡಿಕೊಳ್ಳುವುದು ಬೇಡ.”

ರೊಸಾರಿಯೊ ಎದ್ದರು. ಹೋಗಿ ಕೆಂಪುಕಲ್ಲಿನ ರಾಶಿಯ ಮೇಲೆ ಕೂತರು. ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ನಾನು ಹೋಗಿ ಸಮಾಧಾನ ಹೇಳೋಣ ಎಂದರೆ ಬರ್ತಾ ತಡೆದಳು. “ಬೇಡ ಟೀಚರ್. ನೀವು ಹೇಳಿದ್ದು ಸಾಕು, ನಾನು ಹೇಳಿದ್ದೂ ಸಾಕು. ಈಗ ಅವರೇ ಹೇಳಿಕೊಳ್ಳಲಿ.”

ಮೂರು ಗಂಟೆಗೆ ಅವರು ನನ್ನ ಮನೆಯ ಬಾಗಿಲಿಗೆ ಬಂದರು. ಕಣ್ಣು ಕೆಂಪಾಗಿತ್ತು, ದನಿ ಗಟ್ಟಿಯಾಗಿತ್ತು.

“ಟೀಚರ್, ಫೀಸು ಕಟ್ಟಲಿಕ್ಕೆ ಎಂತೆಂತ ಕಾಗದ ಬೇಕು?”

“ಪೋರ್ಟಿಕೊ?”

“ಅದರ ಹೆಸರು ಎತ್ತಬೇಡಿ, ಮಾರಾಯ್ರೇ. ನನ್ನ ಅಪ್ಪ ನನ್ನನ್ನು ಓದಿಸಲಿಲ್ಲ, ಅವರ ಹತ್ತಿರ ಇರಲಿಲ್ಲ. ನಾನು ಮಗನನ್ನು ಓದಿಸಲಿಲ್ಲ, ನನ್ನ ಹತ್ತಿರವೂ ಇರಲಿಲ್ಲ. ಈಗ ಇದ್ದೂ ಮಗಳನ್ನು ಓದಿಸದಿದ್ದರೆ ನಾನು ಎಂತ ಅಪ್ಪ? ಆದರೆ ಒಂದು ವಿಷಯ ಹೇಳಿ. ಈ ವರ್ಷದ್ದಾಯಿತು, ಉಳಿದ ಮೂರು ವರ್ಷಕ್ಕೆ ಎಂತ ಮಾಡುವುದು?”

ಇದು ಒಳ್ಳೆಯ ಪ್ರಶ್ನೆ. ಓದಿಸುತ್ತೇನೆ ಎಂದು ಹೊರಡುವ ಎಲ್ಲರೂ ಮೊದಲ ದಿನವೇ ಕೇಳಬೇಕಾದ ಪ್ರಶ್ನೆ. ಕಾಗದ ಪೆನ್ನು ಹಿಡಿದು ನಾವು ನಾಲ್ವರೂ ಕೂತೆವು. ಬೆನೆಡಿಕ್ಟಾಳ ಅಂಕಕ್ಕೆ ವಿದ್ಯಾರ್ಥಿವೇತನ ಸಿಗಬಹುದು, ಅರ್ಜಿ ಹಾಕಬೇಕು. ಕಡಿಮೆ ಬಿದ್ದರೆ ಓದಿಗೆಂದು ಸಾಲ ಕೊಡುತ್ತಾರೆಯೇ ಎಂದು ಬ್ಯಾಂಕಿನಲ್ಲಿ ನಾಚಿಕೆ ಬಿಟ್ಟು ಕೇಳಬೇಕು. ಮದುವೆಗೆ ಕೈಸಾಲ ಮಾಡಲು ನಾಚದವರಿಗೆ ಇದಕ್ಕೆ ಏನು ನಾಚಿಕೆ? ಬರ್ತಾಳ ಪಿಗ್ಮಿ ಮತ್ತೆ ಶುರುವಾಗಬೇಕು. ಈ ಸಲ ಅದಕ್ಕೆ ಹೆಸರು ಇಡಬೇಕು. ಮೊದಲ ಸಲ ಕಟ್ಟುವಾಗ ಅದು ಯಾವುದಕ್ಕೆಂದು ಬರ್ತಾ ಯೋಚಿಸಿರಲಿಲ್ಲ. ಹೆಸರಿಲ್ಲದ ದುಡ್ಡಿಗೆ ಎದುರು ಮನೆಯ ಪೋರ್ಟಿಕೊ ಒಡೆಯನಾಗಿಬಿಟ್ಟಿತ್ತು.

“ಮಲ್ಲಿಗೆ ಹೆಚ್ಚು ಮಾಡಿದರೆ?” ಎಂದಳು ಬರ್ತಾ. “ಮುಂದಿನ ಅಂಗಳ ಖಾಲಿ ಉಂಟಲ್ಲ.”

“ಗಿಡ ಹಾಕಬಹುದು. ಕಟ್ಟುವುದು ಯಾರು ಮಮ್ಮಿ? ನಾನು ಏಳು ಗಂಟೆಗೆ ಬಸ್ಸಿಗೆ ಹೋಗಬೇಕು” ಎಂದಳು ಬೆನೆಡಿಕ್ಟಾ.

ರೊಸಾರಿಯೊ ತಮ್ಮ ಎರಡು ಕೈಗಳನ್ನು ತಿರುಗಿಸಿ ನೋಡಿಕೊಂಡರು. ಹಾರೆ ಹಿಡಿದು ದಡ್ಡುಗಟ್ಟಿದ ಕೈಗಳು.

“ನಾನು ಕಟ್ಟುತ್ತೇನೆ.”

ಆಗಸ್ಟ್ ಏಳಕ್ಕೆ, ಇನ್ನೂ ಮೂರು ದಿನ ಇರುವಾಗಲೇ, ಅಪ್ಪ ಮಗಳು ಮಣಿಪಾಲಕ್ಕೆ ಹೋಗಿ ಪಿಗ್ಮಿಯ ದುಡ್ಡಿನಿಂದ ಫೀಸು ಕಟ್ಟಿ ಬಂದರು. ಕೆಂಪುಕಲ್ಲನ್ನು ಕಾಪುವಿನ ಒಬ್ಬರಿಗೆ ಮಾರಿ ಪುಸ್ತಕ ಕೊಂಡರು. ಪೋರ್ಟಿಕೊಗೆಂದು ಸಮತಟ್ಟು ಮಾಡಿದ್ದ ಜಾಗದಲ್ಲಿ ಗುಂಡಿ ತೋಡಿ ಮೂವತ್ತು ಮಲ್ಲಿಗೆ ಗಿಡ ನೆಟ್ಟರು. ಎದುರು ಮನೆಯವರು ಪೋರ್ಟಿಕೊದ ಕೆಳಗೆ ನಿಂತು ನೋಡಿದರು. ನೋಡಲಿ.

ರೊಸಾರಿಯೊ ಕಟ್ಟಿದ ಮೊದಲ ಚೆಂಡನ್ನು ಹಾಜಬ್ಬ ಎತ್ತಿ ಹಿಡಿದು ಸುತ್ತಲೂ ತಿರುಗಿಸಿದರು.

“ಇದು ಮಲ್ಲಿಗೆಯಾ ಪೊರ್ಬುಗಳೇ, ಕಾಗೆಯ ಗೂಡಾ?”

“ನಗಿ ಬ್ಯಾರಿಗಳೇ, ನಗಿ. ನಾಲ್ಕು ವರ್ಷ ಉಂಟು. ಕಲಿಯುತ್ತೇನೆ.”

ಕಲಿತರು. ತಿಂಗಳು ಎರಡಾಗುವಾಗ ಬರ್ತಾ ಎರಡು ಚೆಂಡು ಮುಗಿಸುವ ಹೊತ್ತಿಗೆ ಅವರದ್ದು ಒಂದು ಆಗುತ್ತಿತ್ತು. ದಾರಿಯಲ್ಲಿ ಹೋಗುವ ಗಂಡಸರು ಕೆಮ್ಮಿ ನಕ್ಕರೆ, “ಮಗಳು ಮಣಿಪಾಲದಲ್ಲಿ ಓದುತ್ತಾಳೆ” ಎಂದು ಅವರಿಗೂ ಕೇಳುವ ಹಾಗೆ ಹೇಳುತ್ತಿದ್ದರು. ಮೊದಲೇ ದೊಡ್ಡ ಗಂಟಲು.

ಇದನ್ನು ಬರೆಯುವಾಗ ಬೆನೆಡಿಕ್ಟಾ ಎರಡನೇ ವರ್ಷದಲ್ಲಿದ್ದಾಳೆ. ಸುಲಭವಾಗಿ ಏನೂ ನಡೆದಿಲ್ಲ. ಮಳೆಗಾಲದಲ್ಲಿ ಹೂವು ಕಡಿಮೆಯಾದಾಗ ಬರ್ತಾಳ ಒಂದು ಬಳೆ ಬ್ಯಾಂಕಿನಲ್ಲಿ ಕೂತಿತು, ಮದುವೆಯ ಕಾಲಕ್ಕೆ ಹೂವಿಗೆ ದರ ಬಂದಾಗ ಹಿಂದೆ ಬಂತು. ವಿದ್ಯಾರ್ಥಿವೇತನ ಮೊದಲ ವರ್ಷ ಸಿಗಲಿಲ್ಲ, ಎರಡನೇ ವರ್ಷ ಸಿಕ್ಕಿತು.

ಮೊನ್ನೆ ಭಾನುವಾರ ಮತ್ತೆ ಟೇಪ್ ತುಂಬಿಸಲು ನನ್ನನ್ನು ಕರೆದರು. ರೊಸಾರಿಯೊ ಈ ಸಲ ಕೂಗಲಿಲ್ಲ.

“ಇಮ್ಯಾನುಯೆಲ್, ಈ ಸಲ ಕೇಳಲಿಕ್ಕೆ ಎಂತದೂ ಇಲ್ಲ. ತಂಗಿಯ ಎರಡನೇ ವರ್ಷದ ಫೀಸನ್ನೂ ನಾವೇ ಕಟ್ಟಿದ್ದೇವೆ. ನಿನ್ನನ್ನು ಶಾಲೆ ಬಿಡಿಸಿದ್ದು ನನ್ನ ತಪ್ಪು. ಅದನ್ನು ಮಿಷನಿಗೆ ಹೇಳಿದರೆ ಸಾಕಾಗುವುದಿಲ್ಲ, ನಿನ್ನ ಮುಖ ನೋಡಿ ಹೇಳಬೇಕು. ಟಿಕೆಟಿಗೆ ಇಟ್ಟ ದುಡ್ಡನ್ನು ಇಲ್ಲಿಗೆ ಕಳುಹಿಸಬೇಡ. ಈಸ್ಟರಿಗೆ ಊರಿಗೆ ಬಾ.”

ಬಂದ್ ಮಾಡಲು ನಾನು ಕೈ ಚಾಚಿದೆ. ಅವರು ತಡೆದರು.

“ಇರಲಿ ಟೀಚರ್. ಇನ್ನು ಸ್ವಲ್ಪ ಓಡಲಿ. ಮನೆಯಲ್ಲಿ ಎಂತ ಮಾತಾಡುತ್ತೇವೆ ಅಂತ ಅವನೂ ಕೇಳಲಿ.”

ಟೇಪು ಓಡುತ್ತಿತ್ತು. ಬೆನೆಡಿಕ್ಟಾ ಯಾವುದೋ ಔಷಧದ ಉದ್ದ ಹೆಸರು ಬಾಯಿಪಾಠ ಮಾಡುತ್ತಿದ್ದಳು. ನಾರು ಎಲ್ಲಿ ಎಂದು ಬರ್ತಾ ಕೇಳಿದಳು. ನಿಮ್ಮ ಗಂಟು ಸಡಿಲ ಪಪ್ಪಾ, ಎಂದು ಮಗಳು ಗದರಿದಳು. ಅಪ್ಪ ಬಿಚ್ಚಿ ಮತ್ತೆ ಕಟ್ಟಿದರು.

ಓದುವವರೇ, ಕೇಳುವವರೇ, ಈಗ ನಿಮ್ಮ ಅಂಗಳಕ್ಕೆ ಹೋಗಿ ನೋಡಿ. ಅಲ್ಲಿ ಯಾವ ಕಲ್ಲಿನ ರಾಶಿ ಬಿದ್ದಿದೆ? ಅದು ಇಲ್ಲದಿದ್ದರೆ ನಡೆಯುವುದಿಲ್ಲವೇ? ಮಕ್ಕಳನ್ನು ಹೆತ್ತವರು ನಾವು; ಅವರನ್ನು ಓದಿಸುವ ಹೊಣೆಯೂ ನಮ್ಮದೇ. ಮೊದಲು ಹುಟ್ಟಿದ ತಪ್ಪಿಗೆ ದೊಡ್ಡ ಮಗನೋ ದೊಡ್ಡ ಮಗಳೋ ಅದನ್ನು ಹೊರಬೇಕಾಗಿಲ್ಲ. ಅವರು ಪ್ರೀತಿಯಿಂದ ಕೈಜೋಡಿಸಿದರೆ ದೊಡ್ಡ ಮಾತು, ಆದರೆ ಅವರ ಓದನ್ನು ಮುರಿದು ಇನ್ನೊಬ್ಬರಿಗೆ ಮೆಟ್ಟಿಲು ಮಾಡಬೇಡಿ. ಮಗು ತೊಟ್ಟಿಲಿನಲ್ಲಿ ಇರುವಾಗಲೇ ದಿನಕ್ಕೆ ಎಂಟಾಣೆಯಾದರೂ ತೆಗೆದಿಡಿ, ಅದಕ್ಕೆ ಆ ಮಗುವಿನ ಓದಿನ ಹೆಸರು ಇಡಿ, ಎಂಥ ಆಸೆ ಬಂದರೂ ಮುಟ್ಟಬೇಡಿ. ಹೆಣ್ಣು ಮಗುವಿಗೂ ಇಡಿ. ಅರ್ಜಿಯ ವಿಷಯ, ಬ್ಯಾಂಕಿನ ವಿಷಯ ಗೊತ್ತಾಗದಿದ್ದರೆ ಬುಧವಾರ ಸಂಜೆ ಮಹಿಳಾ ಮಂಡಳಕ್ಕೆ ಬನ್ನಿ, ನಾನು ಇರುತ್ತೇನೆ. ನಿಮ್ಮ ನೆರೆಮನೆಯಲ್ಲಿ ಯಾವುದಾದರೂ ಮಗುವನ್ನು ಶಾಲೆ ಬಿಡಿಸುತ್ತಿದ್ದರೆ ದಯವಿಟ್ಟು ನನ್ನ ಹಾಗೆ ತಲೆ ತಗ್ಗಿಸಿ ಕೂರಬೇಡಿ. ಆ ಮಗು ಬಾಗಿಲಿನಲ್ಲಿ ಇನ್ನೂ ನಿಂತಿರುವಾಗಲೇ ಎದ್ದು ಹೋಗಿ ಒಂದು ಮಾತು ಹೇಳಿ.